ಅರ್ಧ ಮನೆ

೪ ಮಾರ್ಚ್

ಚಿಕ್ಕೋಳಿಗೆ ಭಾವನ ಆಶೀರ್ವಾದ.

ಕಾಗದ ಬರೆಯಲು ಕೂತಾಗಲೆಲ್ಲ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಕಲಿಸಿದ ಒಂದೇ ಸಾಲು ನೆನಪಾಗುತ್ತದೆ, ‘ಐ ಬೆಗ್ ಟು ಸ್ಟೇಟ್ ದಿ ಫಾಲೋಯಿಂಗ್ ಫ್ಯೂ ಲೈನ್ಸ್’. ಆಮೇಲೆ ಏನು ಸ್ಟೇಟ್ ಮಾಡಬೇಕು ಅನ್ನುವುದನ್ನು ಅವರು ಕಲಿಸಲಿಲ್ಲ, ಅಥವಾ ಆ ದಿನ ನಾನು ಹೋಗಿರಲಿಲ್ಲ. ಹೀಗಾಗಿ ಅಡ್ಡಾದಿಡ್ಡಿ ಬರೆಯುತ್ತೇನೆ, ನೀನೇ ಹೊಂದಿಸಿಕೊಂಡು ಓದು. ಹೊಂದಿಕೊಳ್ಳುವುದು ನಿನಗೆ ಮೊದಲಿಂದ ಅಭ್ಯಾಸ.

ನಿನ್ನಕ್ಕ ಹೋಗಿ ಎರಡು ತಿಂಗಳಾಗುತ್ತ ಬಂತು. ಅಂದು ಬೆಳಿಗ್ಗೆ ಬಂದವಳು ಸಂಜೆಗೇ ರೈಲು ಹತ್ತಿಬಿಟ್ಟೆ. ‘ಅಷ್ಟು ವರ್ಷ ಜೊತೆಗಿದ್ದ ತಂಗಿ, ಒಂದು ಹನಿ ಕಣ್ಣೀರೂ ಹಾಕಲಿಲ್ಲವಲ್ಲ’ ಅಂತ ಜನ ಆಡಿಕೊಂಡರು. ನೀನು ಕಲಿಸುವ ಶಾಲೆಯವರು ರಜೆ ಕೊಡುವುದಿಲ್ಲ ಅಂತ ಸುಳ್ಳು ಹೇಳಿ ನಿನ್ನ ಮಾನ ಉಳಿಸಿದೆ.

ಮನೆ ಬಿಕೋ ಅನ್ನುತ್ತದೆ ಅಂತ ಬರೆಯಬೇಕು, ಹೆಂಡತಿ ಸತ್ತವರೆಲ್ಲ ಹಾಗೇ ಬರೆಯುತ್ತಾರೆ. ಟು ಬಿ ಫ್ರ್ಯಾಂಕ್, ಬೆಳಗಿನ ಜಾವದ ತಂಬೂರಿ ಇಲ್ಲದೆ ಈಗ ನಿದ್ದೆ ಚೆನ್ನಾಗಿ ಬರುತ್ತದೆ. ಎದ್ದ ಮೇಲೆಯೇ ಕಷ್ಟ. ಏನು ಮಾಡಬೇಕೆಂದು ತೋಚದೆ ಅವಳ ಬಿಸಿನೀರಿನ ಫ್ಲಾಸ್ಕನ್ನು ತೊಳೆದು ಬೋರಲು ಹಾಕುತ್ತೇನೆ. ‘ಯಾರೂ ಕುಡೀದೇ ಇರೋದನ್ನ ದಿನಾ ಯಾಕೆ ತೊಳೀತೀರಿ’ ಅಂತ ಕೆಲಸದವಳು ಕೇಳಿದಳು. ‘ಹ್ಯಾಬಿಟ್ ಕಣಮ್ಮ’ ಅಂದೆ. ಅವಳ ಸಂಗೀತ ಕಛೇರಿಯಿಂದ ಕಛೇರಿಗೆ ಆ ಫ್ಲಾಸ್ಕು ಹೊತ್ತುಕೊಂಡೇ ನನ್ನ ತಲೆ ಬೆಳ್ಳಗಾಯಿತು.

ಈಗ ವಿಷಯ. ಸಂಗೀತ ಸಭೆಯವರು ತಮ್ಮ ಹಾಲ್‌ನಲ್ಲಿ ನಿನ್ನಕ್ಕನ ದೊಡ್ಡ ಪೇಂಟಿಂಗ್ ತೂಗುಹಾಕುತ್ತಿದ್ದಾರೆ. ಮೇ ಹತ್ತಕ್ಕೆ ಅನಾವರಣ. ಹೊರದೇಶದ ಅತಿಥಿಗಳು ಬರುತ್ತಾರಂತೆ, ನಾನು ಇಂಗ್ಲಿಷಿನಲ್ಲಿ ಮಾತಾಡಬೇಕಂತೆ. ಪೇಂಟರ್‌ಗೆ ಕೊಟ್ಟ ಫೋಟೋದಲ್ಲಿ ನಿನ್ನಕ್ಕನ ಭುಜದ ಹಿಂದೆ ನಿನ್ನ ಅರ್ಧ ಮುಖವೂ ತಂಬೂರಿಯೂ ಇದ್ದವು. ‘ಹಿಂದಿರೋ ಈ ಹೆಂಗಸನ್ನೂ ಬರೀಬೇಕಾ ಸಾರ್’ ಅಂತ ಅವನು ಕೇಳಿದ. ‘ತಂಬೂರಿ ಇರಲಿ, ಹೆಂಗಸನ್ನ ತೆಗೀರಿ’ ಅಂದೆ. ಜಾಗ ಬೋಳು ಕಾಣುತ್ತದೆಂದು ಅಲ್ಲೊಂದು ಹೂದಾನಿ ಬರೆದಿದ್ದಾನೆ. ಚೆನ್ನಾಗಿದೆ. ಬೇಜಾರು ಮಾಡಿಕೊಳ್ಳಬೇಡ, ಹೂದಾನಿ ದುಬಾರಿಯದೇ.

ಭಾಷಣದಲ್ಲಿ ನನ್ನ ಹಳೆಯ ಜೋಕನ್ನೂ ಸೇರಿಸಬೇಕೆಂದಿದ್ದೇನೆ. ನೀವು ಸಂಗೀತದವರು ಶ್ರುತಿಯ ಎತ್ತರವನ್ನು ಮನೆಯ ಲೆಕ್ಕದಲ್ಲಿ ಹೇಳುತ್ತೀರಲ್ಲ, ನಾಲ್ಕು ಮನೆ, ಐದು ಮನೆ ಅಂತ. ‘ನನ್ನ ಹೆಂಡತಿಯದು ಐದೂವರೆ ಮನೆ, ನನ್ನದು ಮಾವ ಕಟ್ಟಿಸಿದ ಒಂದೇ ಮನೆ.’ ಎಷ್ಟು ಸಭೆಯಲ್ಲಿ ನಗಿಸಿದ್ದೇನೆ. ಇಂಗ್ಲಿಷಿನಲ್ಲಿ ‘ಹೌಸ್’ ಅಂದರೆ ಅವರಿಗೆ ಹೊಳೆಯುತ್ತದೋ ಇಲ್ಲವೋ.

ಸ್ಮರಣ ಸಂಚಿಕೆಗೆ ನೀನೂ ಒಂದು ಪುಟ ಬರೆ. ಹಿಂದೆ ಕೂತು ಹಾಡುತ್ತಿದ್ದೆ ಅಂತ ಬೇಡ, ಅಕ್ಕನ ಸೇವೆಯಲ್ಲಿದ್ದೆ ಅಂತ ಬರೆ. ಓದುವುದಕ್ಕೆ ಗಂಭೀರವಾಗಿರುತ್ತದೆ.

ಕೊನೆಯ ವಾರ ಅವಳು ಏನೇನೋ ಬಡಬಡಿಸುತ್ತಿದ್ದಳು. ನಿನ್ನ ಮಾತು ಬಂತು, ಮನೆಯ ಮಾತೂ ಬಂತು. ಜ್ವರ ನೆತ್ತಿಗೇರಿದಾಗ ಹಾಗೆಲ್ಲ ಆಗುತ್ತದೆ, ಅರ್ಥ ಹುಡುಕಬಾರದು ಅಂದರು ಡಾಕ್ಟರು. ನಾನು ಹುಡುಕಲಿಲ್ಲ.

ನಿನ್ನ ಭಾವ


೧೫ ಮಾರ್ಚ್

ಭಾವನವರಿಗೆ ನಮಸ್ಕಾರ.

ಕೇಳಿದ ಪುಟ ಇದರೊಳಗಿದೆ. ‘ಸೇವೆ’ ಅನ್ನುವ ಮಾತು ಮೂರು ಕಡೆ ಬಂದಿದೆ. ಹೆಚ್ಚಾಯಿತು ಅನ್ನಿಸಿದರೆ ತೆಗೆಯಿರಿ. ಹೂದಾನಿಯ ಬಗ್ಗೆ ಬೇಜಾರಿಲ್ಲ. ಅದಕ್ಕೆ ಬೆನ್ನು ನೋಯುವುದಿಲ್ಲ.

ನನ್ನ ಒಂಟಿ ಸಂಸಾರ ಹೇಗೋ ನಡೆದಿದೆ. ಇಸ್ತ್ರಿ ಅಂಗಡಿಯ ಮೇಲಿನ ಕೋಣೆ, ಯಾವಾಗಲೂ ನೆಲ ಬೆಚ್ಚಗಿರುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಸಂಗೀತದ ಸರಳೆ ಹೇಳಿಕೊಡುತ್ತೇನೆ. ಈ ನಡುವೆ ಹಾಡಿ ತೋರಿಸುವುದು ಕಡಿಮೆ, ಹಾರ್ಮೋನಿಯಂ ಒತ್ತಿ ತೋರಿಸುತ್ತೇನೆ.

ಒಂದು ಮಾತು ಕೇಳಬೇಕು. ಆಸ್ಪತ್ರೆಗೆ ಸೇರುವ ಮೊದಲು ಅಕ್ಕ ಫೋನ್ ಮಾಡಿದ್ದಳು. ‘ನಿನ್ನ ಅರ್ಧ ಮನೆ ನಿನಗೇ ಕಣೇ. ನಿಮ್ಮ ಭಾವನಿಗೆ ಹೇಳ್ತೀನಿ, ಕೊಡ್ತಾರೆ’ ಅಂದಳು. ಅವಳಿಗೆ ಆಗ ಜ್ವರ ಇರಲಿಲ್ಲ. ಬೈಯುವಷ್ಟು ಗಟ್ಟಿಯಾಗಿಯೇ ಇದ್ದಳು, ಬೈದಳು ಕೂಡ.

ಅವಳ ಒಡವೆ, ಬಿರುದು, ತಂಬೂರಿ ಯಾವುದೂ ನನಗೆ ಬೇಡ. ನನ್ನ ಅರ್ಧ ಮನೆಯನ್ನು ಮಾತ್ರ ಕೊಟ್ಟುಬಿಡಿ. ಮೇ ತಿಂಗಳ ನಡುವಿನೊಳಗೆ ಆಗಬೇಕು. ಆಮೇಲೆ ಸಿಕ್ಕರೂ ನನಗೆ ಉಪಯೋಗವಿಲ್ಲ.

ಚಿಕ್ಕೋಳು


೧೯ ಮಾರ್ಚ್

ಚಿಕ್ಕೋಳಿಗೆ,

ನಿನ್ನ ಪುಟ ಸೇರಿತು. ಸೇವೆ ಮೂರೂ ಇರಲಿ.

ಅರ್ಧ ಮನೆಯ ವಿಷಯ ಓದಿ ಐ ವಾಸ್ ಥಂಡರ್‌ಸ್ಟ್ರಕ್. ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಕೆಲಸದವಳು ಬಂದು ‘ಏನಾಯ್ತು ಯಜಮಾನರೇ, ಮತ್ಯಾರಾದರೂ ಹೋದರಾ’ ಅಂತ ಕೇಳಿದಳು.

ಮನೆಯನ್ನು ನಿಮ್ಮಪ್ಪ ಇಬ್ಬರು ಹೆಣ್ಣುಮಕ್ಕಳ ಹೆಸರಿಗೂ ಬರೆದಿಟ್ಟು ಹೋದರು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ಸೂರು ಸೋರಿದಾಗ ಏಣಿ ಹತ್ತಿದವನು ಯಾರು? ಕಿಟಕಿಗೆ ಗೆದ್ದಲು ಹಿಡಿದಾಗ ಬಡಗಿಯ ಹಿಂದೆ ನಾಯಿಯ ಹಾಗೆ ಅಲೆದವನು ಯಾರು? ನೀವಿಬ್ಬರೂ ಒಳಗೆ ಕೂತು ಆ ಆ ಆ ಅನ್ನುತ್ತಿದ್ದಿರಿ. ಮನೆ ಅಂದರೆ ಕಾಗದವಲ್ಲ ಚಿಕ್ಕೋಳೆ, ಮನೆ ಅಂದರೆ ಮೇಂಟೆನೆನ್ಸ್.

ಅರ್ಧ ಅಂತೀಯಲ್ಲ, ಯಾವ ಅರ್ಧ? ಅಡುಗೆಮನೆ ಒಂದು, ಬಚ್ಚಲು ಒಂದು. ಬಚ್ಚಲಿನ ನಡುವೆ ಗೋಡೆ ಎಬ್ಬಿಸಿದರೆ ನಲ್ಲಿ ನನ್ನ ಕಡೆ, ಬಕೆಟ್ ನಿನ್ನ ಕಡೆ. ದಿನಾ ಬೆಳಿಗ್ಗೆ ಗೋಡೆಯ ಮೇಲಿಂದ ‘ಭಾವ, ಸ್ವಲ್ಪ ನೀರು’ ಅಂತ ಕೂಗುತ್ತೀಯಾ?

ಮತ್ತೆ, ಒಂಟಿ ಹೆಂಗಸಿಗೆ ಅರ್ಧ ಮನೆ ಯಾಕೆ? ಮಕ್ಕಳೇ ಮರಿಯೇ? ಮದುವೆಯಾಗದೆ ಉಳಿದದ್ದಕ್ಕೆ ನನ್ನನ್ನು ಹೊಣೆ ಮಾಡಬೇಡ. ಆ ಪಿಟೀಲಿನವರು, ಬೆರಳಿಗೆ ಸದಾ ಎಣ್ಣೆ ಹಚ್ಚಿಕೊಳ್ಳುತ್ತಿದ್ದವರು, ನೆನಪಿದೆಯಾ? ನಿನ್ನನ್ನು ಕೊಡಿ ಅಂತ ಮನೆಗೇ ಬಂದು ಕೇಳಿದ್ದರು. ನಾನೇ ಕಾಫಿ ಕೊಟ್ಟೆ. ನಾನು ಹೂಂ ಅನ್ನೋಣ ಅಂದೆ. ‘ಅವಳು ಹೋದರೆ ನನ್ನ ಹಿಂದೆ ಯಾರು ಕೂರ್ತಾರೆ, ನೀವು ಕೂತು ಹಾಡ್ತೀರಾ’ ಅಂತ ನಿನ್ನಕ್ಕ ನನ್ನ ಬಾಯಿ ಮುಚ್ಚಿಸಿದಳು. ಅವರಿಗೆ ಏನು ಹೇಳಿ ಕಳಿಸಿದಳು ಗೊತ್ತಾ, ನಿನಗೇ ಇಷ್ಟವಿಲ್ಲ ಅಂತ. ಆಮೇಲೆ ಅವರು ನಮ್ಮ ಕಛೇರಿಗೆ ಬರುವುದನ್ನೇ ಬಿಟ್ಟರು. ಇದನ್ನೆಲ್ಲ ನಿನಗೆ ಹೇಳಿರಲಿಲ್ಲ, ಯಾಕೆ ಸುಮ್ಮನೆ ಮನಸ್ಸು ಕೆಡಿಸುವುದು ಅಂತ. ನೋಡು, ನಾನು ನಿನ್ನ ಪರವಾಗಿಯೇ ಇದ್ದವನು.

ನನ್ನ ಜೊತೆ ಓದಿದ ವಕೀಲನಿಂದ ಹಕ್ಕುಬಿಡುಗಡೆ ಪತ್ರ ಬರೆಸಿ ಇದರೊಳಗೆ ಇಟ್ಟಿದ್ದೇನೆ. ‘ಮನೆಯ ಮೇಲೆ ನನಗೆ ಯಾವ ಹಕ್ಕೂ ಬೇಡ’ ಅಂತ ಇಷ್ಟೇ. ಸಹಿ ಮಾಡಿ, ಒಬ್ಬರ ಸಾಕ್ಷಿ ಹಾಕಿಸಿ ಕಳಿಸು. ನೋಂದಣಿಯನ್ನು ಆಮೇಲೆ ಅವನೇ ನೋಡಿಕೊಳ್ಳುತ್ತಾನೆ. ಲೆಟ್ ಅಸ್ ಪಾರ್ಟ್ ಆ್ಯಸ್ ಫ್ರೆಂಡ್ಸ್. ಈ ಸಾಲು ಎಲ್ಲಿಂದ ನೆನಪಾಯಿತೋ, ಚೆನ್ನಾಗಿದೆ.

ನಿನ್ನ ಭಾವ


೮ ಏಪ್ರಿಲ್

ಚಿಕ್ಕೋಳಿಗೆ,

ಉತ್ತರವಿಲ್ಲ. ಸಿಟ್ಟು ಬಂದಿದ್ದರೆ ಬರೆದು ಕಾರಿಕೋ, ಮೌನ ಮಾತ್ರ ಬೇಡ. ನಿನ್ನ ಮೌನ ನನಗೆ ಮೊದಲಿಂದಲೂ ಆಗದು. ಕಛೇರಿ ಮುಗಿಸಿ ಕಾರಿನಲ್ಲಿ ಬರುವಾಗ ನಿನ್ನಕ್ಕ ಬೈಯುತ್ತಿದ್ದಳು, ನೀನು ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಿದ್ದೆ. ಒಂದು ಬಾರಿಯಾದರೂ ತಿರುಗಿ ಬೈದಿದ್ದರೆ ನಮ್ಮ ಪ್ರಯಾಣ ಬೇಗ ಕಳೆಯುತ್ತಿತ್ತು.

ವಕೀಲನ ಜೊತೆ ಮತ್ತೆ ಮಾತಾಡಿದೆ. ಸಹಿ ಮಾಡಿದ ಮೇಲೆಯೂ ನೀನು ವರ್ಷಕ್ಕೊಮ್ಮೆ ಬಂದು ಹಿಂದಿನ ಕೋಣೆಯಲ್ಲಿ ಇರಬಹುದು, ಮುಂಚಿತವಾಗಿ ತಿಳಿಸಿದರೆ. ಕಾನೂನಿನಲ್ಲಿ ಇಲ್ಲ, ನನ್ನ ದೊಡ್ಡ ಮನಸ್ಸು.

ಈ ಪಾರ್ಸೆಲ್‌ನಲ್ಲಿ ಒಂದು ಕ್ಯಾಸೆಟ್ ಇದೆ, ಅದರ ಕಥೆ ಕೇಳು. ಭಾಷಣ ಅಭ್ಯಾಸ ಮಾಡಲು ಹಳೆಯ ಟೇಪ್‌ರೆಕಾರ್ಡರ್ ಇಳಿಸಿದೆ. ಹೊಸ ಕ್ಯಾಸೆಟ್ ಈಗ ಯಾವ ಅಂಗಡಿಯಲ್ಲಿಯೂ ಇಲ್ಲ, ಕೇಳಿದರೆ ಹುಡುಗಿಯರು ನಗುತ್ತಾರೆ. ಮನೆಯಲ್ಲಿರುವುದೆಲ್ಲ ನಿನ್ನಕ್ಕನ ಹಾಡು, ಅದನ್ನು ಮುಟ್ಟಿದರೆ ಸಭೆಯವರು ನನ್ನನ್ನು ನೇಣು ಹಾಕುತ್ತಾರೆ. ಕೊನೆಗೆ ಅಲಮಾರಿನ ಕೆಳಗಿನ ಡ್ರಾಯರ್‌ನಲ್ಲಿ, ಅವಳ ಉಣ್ಣೆ ಶಾಲಿನ ಮಡಿಕೆಯೊಳಗೆ ಒಂದು ಸಿಕ್ಕಿತು. ಮೇಲೆ ಅವಳ ಕೈಬರಹದಲ್ಲಿ ‘ಆರು’ ಅಂತ. ಒಂದರಿಂದ ಐದು ಎಲ್ಲಿ ಹೋದವೋ.

ಹಾಗಂತ ಕೇಳದೆ ಅಳಿಸುವ ಮೂರ್ಖ ನಾನಲ್ಲ. ಹಾಕಿ ಕೇಳಿದೆ. ನಿನ್ನಕ್ಕನ ದನಿಯಲ್ಲ. ಯಾವಳೋ ಹುಡುಗಿ, ಶಿಷ್ಯೆ ಇರಬೇಕು, ತುಂಬ ಎತ್ತರದ ಶ್ರುತಿ, ಕಿವಿಗೆ ಸೂಜಿ ಇಟ್ಟ ಹಾಗೆ. ಇಷ್ಟು ವರ್ಷ ಸಂಗೀತದ ಮನೆಯಲ್ಲಿ ಬಾಳಿದವನು, ನನಗೇ ಗುರುತು ಹತ್ತಲಿಲ್ಲ ಅಂದಮೇಲೆ ಮುಖ್ಯವಾದವಳು ಇರಲಾರಳು. ರೆಕಾರ್ಡ್ ಗುಂಡಿ ಒತ್ತಿದರೆ ಒತ್ತಿಕೊಳ್ಳಲೊಲ್ಲದು. ರೇಡಿಯೋ ರಿಪೇರಿಯವನು ನೋಡಿ, ‘ಕ್ಯಾಸೆಟ್ಟಿನ ಮೇಲಿರೋ ಎರಡು ಹಲ್ಲನ್ನ ಯಾರೋ ಬೇಕಂತಲೇ ಮುರಿದಿದ್ದಾರೆ ಸಾರ್, ಅಳಿಸಬಾರದು ಅಂತ ಹಾಗೆ ಮಾಡ್ತಾರೆ’ ಅಂದ. ಆ ಕಿಂಡಿಗಳಿಗೆ ಅಂಟುಪಟ್ಟಿ ಹಚ್ಚಿಕೊಟ್ಟ. ಸಿಂಪಲ್. ಎರಡೂ ಕಡೆ ಭರ್ತಿ ಭಾಷಣ ಮಾಡಿದ್ದೇನೆ, ಬೇರೆ ಬೇರೆ ರೀತಿಯಲ್ಲಿ.

‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಅನ್ನುವ ಪದ ಕಾಲೇಜಿನಿಂದ ನನ್ನ ಜೊತೆಗೇ ಇದೆ, ಬಳಸಲು ಅವಕಾಶವೇ ಸಿಕ್ಕಿರಲಿಲ್ಲ. ಜೊತೆಯಲ್ಲಿ ನಿಂತಿಲ್ಲ ಅಂತ ಅರ್ಥ ಇರಬೇಕು. ‘ಮೈ ವೈಫ್ ನಾಟ್‌ವಿತ್‌ಸ್ಟ್ಯಾಂಡಿಂಗ್, ಐ ಆ್ಯಮ್ ಸ್ಟ್ಯಾಂಡಿಂಗ್ ಬಿಫೋರ್ ಯು’ ಅಂತ ಶುರು ಮಾಡಿದ್ದೇನೆ. ಹೇಳುವಾಗ ನನಗೇ ಕಣ್ಣು ತುಂಬಿತು.

ಇನ್ನೊಂದು ಮಜಾ. ಎರಡನೆಯ ಕಡೆ ನನ್ನ ‘ಥ್ಯಾಂಕ್ ಯು ಒನ್ ಆ್ಯಂಡ್ ಆಲ್’ ಮುಗಿದ ಕೂಡಲೇ ಹಳೆಯದರ ಚಪ್ಪಾಳೆ ಉಳಿದುಕೊಂಡಿದೆ. ಎಷ್ಟು ಸರಿಯಾಗಿ ಬಂದು ಕೂತಿದೆ ಅಂದರೆ, ಇಡೀ ಹಾಲ್ ನನಗಾಗಿಯೇ ತಟ್ಟಿದ ಹಾಗೆ.

ನೀನು ಕಿವಿ ಇರುವವಳು. ಎಲ್ಲಿ ದನಿ ಏರಿಸಬೇಕು, ಎಲ್ಲಿ ಇಳಿಸಬೇಕು, ಕೇಳಿ ಬರೆ. ಕಾಗದವನ್ನೂ ಪಾರ್ಸೆಲ್‌ನೊಳಗೇ ಇಡುತ್ತಿದ್ದೇನೆ. ನಿಧಾನದ ಅಂಚೆ, ಯಾವಾಗ ಸೇರುತ್ತದೋ ನೋಡೋಣ.

ನಿನ್ನ ಭಾವ


೧೦ ಏಪ್ರಿಲ್

ಭಾವನವರಿಗೆ ನಮಸ್ಕಾರ.

ನಿಮ್ಮ ಮಾರ್ಚ್ ತಿಂಗಳ ಕಾಗದವನ್ನು ಎರಡು ಬಾರಿ ಓದಿದೆ. ಮೊದಲ ಬಾರಿ ಅರ್ಥವಾಗಲಿಲ್ಲ, ಎರಡನೆಯ ಬಾರಿ ನಗು ಬಂತು. ನಗಬಾರದು, ಗಂಟಲು ನೋಯುತ್ತದೆ.

ನಾನು ಕೇಳಿದ್ದು ಅಪ್ಪನ ಮನೆಯನ್ನಲ್ಲ. ನಿಮ್ಮ ಜೋಕಿನ ಮನೆಯನ್ನು.

ಅಕ್ಕನ ಶ್ರುತಿ ಐದೂವರೆ ಮನೆ. ನನ್ನದು ಆರು. ನಡುವೆ ಇರುವುದು ಅರ್ಧ ಮನೆ. ಕೇಳುವವರಿಗೆ ಅದು ಕೂದಲೆಳೆ, ಹಾಡುವವಳಿಗೆ ಹಾಗಲ್ಲ. ಬಾಗಿಲು ಗಿಡ್ಡವಿರುವ ಮನೆಯಲ್ಲಿ ಉದ್ದ ಮನುಷ್ಯ ಬಾಳಿದ ಹಾಗೆ ನಾನು ಅವಳ ಹಿಂದೆ ತಲೆ ಬಗ್ಗಿಸಿಕೊಂಡು ಹಾಡಿದೆ. ಒಂದೇ ಒಂದು ಸಂಜೆ ತಲೆ ಎತ್ತಿದ್ದೆ. ಅಕ್ಕನಿಗೆ ವಿಪರೀತ ಜ್ವರ, ಟಿಕೆಟ್ ಎಲ್ಲ ಹೋಗಿತ್ತು, ‘ತಂಗಿಯಾದರೂ ಹಾಡಲಿ’ ಅಂದರು ಸಭೆಯವರು. ನೀವು ಅಕ್ಕನ ಜೊತೆ ಮನೆಯಲ್ಲಿ ಉಳಿದಿರಿ. ಅಪ್ಪ ನನ್ನ ಜೊತೆ ಬಂದರು. ಮುಂದೆ ಕೂತೆ. ತಂಬೂರಿಯನ್ನು ಆರಕ್ಕೆ ಏರಿಸಿಕೊಂಡು ಹಾಡಿದೆ.

ಸಭೆಯವರು ಅದನ್ನು ಟೇಪು ಮಾಡಿ ಅಕ್ಕನಿಗೆ ಕೊಟ್ಟರು. ನೀವು ಆಫೀಸಿಗೆ ಹೋಗಿದ್ದಾಗ ಅವಳು ಮಲಗಿಕೊಂಡೇ ಪೂರ್ತಿ ಕೇಳಿದಳು. ಕೇಳಿ, ‘ಇನ್ನೊಂದು ಸಲ ನಿನಗೆ ಅರ್ಧ ಮನೆ ಬಿಟ್ಟುಕೊಟ್ಟರೆ ನಾನು ಬೀದಿಗೆ ಬರ್ತೀನಿ ಕಣೇ’ ಅಂದಳು. ನಗುತ್ತಲೇ ಅಂದಳು. ಟೇಪನ್ನು ಎತ್ತಿಟ್ಟಳು. ಆಮೇಲೆ ನನಗೆ ಆ ಅರ್ಧ ಮನೆ ಸಿಗಲಿಲ್ಲ. ನಮ್ಮಿಬ್ಬರ ಮಾತಿನಲ್ಲಿ ಆ ಟೇಪಿನ ಹೆಸರೇ ಅರ್ಧ ಮನೆ. ಒಂದೇ ಟೇಪು, ಬೇರೆ ಪ್ರತಿ ಇಲ್ಲ. ಮೇಲೆ ‘ಆರು’ ಅಂತ ಬರೆದಿದ್ದಾಳೆ. ಅವಳ ಶಾಲಿನ ಡ್ರಾಯರ್‌ನಲ್ಲಿ ಇರಬೇಕು.

ಗಂಟಲೊಳಗೆ ಗಂಟು ಬೆಳೆದಿದೆ. ಮೇ ಹದಿನೈದಕ್ಕೆ ತೆಗೆಯುತ್ತಾರೆ. ಅದರ ಜೊತೆಗೆ ದನಿಯೂ ಹೋಗುತ್ತದೆ, ಮಾತೂ ಹೋಗುತ್ತದೆ. ಡಾಕ್ಟರ್ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಅಷ್ಟರೊಳಗೆ ಆ ಟೇಪು ಹಾಕಿಕೊಂಡು ಅದರ ಜೊತೆ ಒಂದು ಬಾರಿ ಹಾಡಬೇಕು. ಉಳಿದಿರುವ ದನಿ ಅಷ್ಟಕ್ಕೆ ಸಾಕು. ಅಕ್ಕನ ಹಿಂದೆ ಕೂತು ಹಾಡಿದೆನಲ್ಲ, ಒಂದು ಬಾರಿ ನನ್ನ ಹಿಂದೆ ನಾನು ಕೂರಬೇಕು.

ನಿಮ್ಮ ಹಕ್ಕುಬಿಡುಗಡೆಗೆ ಓದಿದ ದಿನವೇ ಸಹಿ ಮಾಡಿದ್ದೇನೆ. ಸಾಕ್ಷಿಗೆ ನಮ್ಮ ಹೆಡ್‌ಮಿಸ್ ಬೇಕು, ರಜೆ ಮುಗಿಸಿ ಇಪ್ಪತ್ನಾಲ್ಕಕ್ಕೆ ಬರುತ್ತಾರೆ. ಅಂದೇ ಅಂಚೆಗೆ ಹಾಕುತ್ತೇನೆ. ಮನೆ ನಿಮಗೇ ಇರಲಿ, ನಲ್ಲಿಯೂ ಬಕೆಟ್ಟೂ.

ಪಿಟೀಲಿನವರು ಕೇಳಿದ್ದು ನನಗೆ ಗೊತ್ತಿರಲಿಲ್ಲ. ಗೊತ್ತಾಯಿತು.

ಚಿಕ್ಕೋಳು


೧೫ ಏಪ್ರಿಲ್

ಚಿಕ್ಕೋಳಿಗೆ,

ಕಾಗದ ಬಂತು. ಗಂಟಲಿನ ಸಮಾಚಾರ ಓದಿ ಸಂಕಟವಾಯಿತು. ಇನ್ನೊಬ್ಬ ಡಾಕ್ಟರಿಗೆ ತೋರಿಸು. ಬಿಸಿನೀರು ಕುಡಿ.

ನೀನು ಹೇಳಿದ ಟೇಪನ್ನು ಮನೆಯೆಲ್ಲ ಹುಡುಕಿದೆ. ಇಲ್ಲ. ಈಗ ನೆನಪಾಗುತ್ತಿದೆ, ನಿನ್ನಕ್ಕ ಒಂದು ದಿನ ಯಾವುದೋ ಟೇಪನ್ನು ಕಾಲಲ್ಲಿ ಹೊಸಕಿ, ಒಳಗಿನ ಸುರುಳಿಯನ್ನೆಲ್ಲ ಎಳೆದು ಹಾಕಿದ್ದಳು. ಅದೇ ಇರಬೇಕು. ಹೊಟ್ಟೆಕಿಚ್ಚು ಅಂದರೆ ಅವಳದು. ನಿನಗೇ ಗೊತ್ತಲ್ಲ. ಸತ್ತವಳ ಬಗ್ಗೆ ಹೆಚ್ಚು ಬರೆಯಬಾರದು.

ನಿನ್ನ ವಿಳಾಸಕ್ಕೆ ನನ್ನಿಂದ ಒಂದು ಪಾರ್ಸೆಲ್ ಬರಬಹುದು. ಬೇರೆಯವರಿಗೆ ಹೋಗಬೇಕಾದ್ದು, ವಿಳಾಸ ತಪ್ಪಿದೆ. ತೆರೆಯಬೇಡ. ಹಾಗೇ ವಾಪಸ್ ಕಳಿಸು.

ಸಾಕ್ಷಿಗೆ ಹೆಡ್‌ಮಿಸ್ಸೇ ಆಗಬೇಕೆಂದಿಲ್ಲ. ಇಸ್ತ್ರಿ ಅಂಗಡಿಯವನಾದರೂ ನಡೆಯುತ್ತದೆ. ಕಾಯಬೇಡ.

ಭಾವ


೧೨ ಮೇ

ಚಿಕ್ಕೋಳಿಗೆ,

ಅನಾವರಣ ಸುಸೂತ್ರವಾಗಿ ಆಯಿತು. ಎ ಗ್ರ್ಯಾಂಡ್ ಸಕ್ಸಸ್. ನಿನ್ನಕ್ಕನ ಮೂಗು ಸ್ವಲ್ಪ ಉದ್ದವಾಗಿದೆ. ಹೂದಾನಿಯನ್ನು ಮಾತ್ರ ಎಲ್ಲರೂ ಮೆಚ್ಚಿದರು. ‘ಈ ಹೂದಾನಿ ಮನೇಲಿದೆಯಾ’ ಅಂತ ಒಬ್ಬರು ಕೇಳಿದರು, ‘ಇತ್ತು, ಈಗಿಲ್ಲ’ ಅಂದೆ.

ನನ್ನ ಮಾತಿಗೆ ಹೊರದೇಶದವರು ಮೊದಲ ಸಾಲಿಗೇ ನಕ್ಕರು. ಜೋಕಿನ್ನೂ ಬಂದಿರಲಿಲ್ಲ. ಹೌಸ್ ಅಂದಾಗ ನಗಲಿಲ್ಲ. ಕೊನೆಗೆ ಚಪ್ಪಾಳೆ ಬಂತು, ಆದರೆ ನಾನು ಕೇಳಿಕೊಂಡು ಅಭ್ಯಾಸವಾಗಿದ್ದಷ್ಟು ಬರಲಿಲ್ಲ.

ನಿನ್ನಿಂದ ಕಾಗದವಿಲ್ಲ, ಹಕ್ಕುಬಿಡುಗಡೆ ಪತ್ರವೂ ಬರಲಿಲ್ಲ, ಪಾರ್ಸೆಲ್ ವಾಪಸ್ ಬರಲಿಲ್ಲ. ವಕೀಲ ದಿನಾ ‘ಬಂತಾ ಬಂತಾ’ ಅನ್ನುತ್ತಾನೆ. ಅಂಚೆಯವರು ಎಷ್ಟೋ ಪಾರ್ಸೆಲ್ ಕಳೆಯುತ್ತಾರೆ, ಇದನ್ನೂ ಕಳೆದಿರುತ್ತಾರೆ ಅಂದುಕೊಂಡಿದ್ದೇನೆ. ಕಳೆದಿದ್ದರೂ ನಷ್ಟವೇನಿಲ್ಲ. ಒಂದು ಸಾಲು ಬರೆ. ಆಪರೇಷನ್ನಿಗೆ ಮುಂಚೆ ಫೋನ್ ಮಾಡಿದರೂ ಆಯಿತು, ದನಿ ಇರುವಾಗಲೇ.

ಫ್ಲಾಸ್ಕು ಕೈಜಾರಿ ಒಡೆಯಿತು. ಈಗ ಬೆಳಿಗ್ಗೆ ಅದೂ ಕೆಲಸವಿಲ್ಲ.

ನಿನ್ನ ಭಾವ


೩೦ ಮೇ

ಭಾವನವರಿಗೆ,

ತಡವಾಯಿತು. ಇನ್ನು ನನ್ನ ಮಾತೆಲ್ಲ ಕಾಗದದ ಮೇಲೇ, ಅದಕ್ಕೆ ಎಷ್ಟು ಮಾತು ಬೇಕೋ ಅಷ್ಟೇ ಆಡುವುದನ್ನು ಕಲಿಯುತ್ತಿದ್ದೇನೆ. ನೀವೂ ಕಲಿಯಬಹುದು.

ಹೆಡ್‌ಮಿಸ್ ಬಂದ ದಿನವೇ ಸಾಕ್ಷಿ ಹಾಕಿದರು. ಲಕೋಟೆಗೆ ಅಂಟು ಹಚ್ಚಿ ಮೆಟ್ಟಿಲಿಳಿಯುತ್ತಿದ್ದೆ. ಕೆಳಗೆ ಪೋಸ್ಟ್‌ಮನ್ ನಿಮ್ಮ ಪಾರ್ಸೆಲ್ ಹಿಡಿದುಕೊಂಡು ಇಸ್ತ್ರಿಯವನ ಜೊತೆ ಮಾತಾಡುತ್ತಿದ್ದ. ತೆರೆಯಬೇಡ ಅಂತ ಬರೆದಿದ್ದಿರಿ. ಹಾಗೆ ಬರೆಯದೇ ಇದ್ದರೆ ಸಾವಕಾಶವಾಗಿ ತೆರೆಯುತ್ತಿದ್ದೆನೇನೋ. ಅಲ್ಲೇ ಮೆಟ್ಟಿಲ ಮೇಲೆ ಹರಿದೆ. ಮೊದಲು ಅಕ್ಕನ ಅಕ್ಷರ ಕಂಡಿತು. ‘ಆರು.’ ನಿಮ್ಮ ಕಾಗದ ಕೆಳಗೆ ಬಿತ್ತು, ಎತ್ತಿಕೊಂಡೆ, ಓದಲಿಲ್ಲ. ಭಾವ ಸುಳ್ಳು ಹೇಳಿದ್ದು ನನ್ನನ್ನು ಬೆರಗುಗೊಳಿಸಲು ಅಂದುಕೊಂಡೆ. ನಿಮ್ಮ ಬಗ್ಗೆ ಅಷ್ಟು ಒಳ್ಳೆಯದನ್ನು ನಾನು ಹಿಂದೆ ಯಾವತ್ತೂ ಯೋಚಿಸಿರಲಿಲ್ಲ.

ಶಾಲೆಯ ಸಂಗೀತದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಹಾರ್ಮೋನಿಯಂ ಮೇಲೆ ಆರು ಮನೆ ಶ್ರುತಿ ಹಿಡಿದೆ. ಟೇಪು ಹಾಕಿ, ನೆಟ್ಟಗೆ ಕೂತು, ಉಸಿರು ತೆಗೆದುಕೊಂಡು ಕಾದೆ. ‘ಲೇಡೀಸ್ ಆ್ಯಂಡ್ ಜಂಟಲ್‌ಮನ್’ ಅಂದಿರಿ. ಇದು ಮುಗಿದ ಮೇಲೆ ನಾನು ಬರುತ್ತೇನೆ ಅಂತ ಶ್ರುತಿ ಬಿಡದೆ ಕೂತಿದ್ದೆ. ಒಂದು ಕಡೆ ಪೂರ್ತಿ ಮುಗಿಯಿತು. ತಿರುಗಿಸಿ ಹಾಕಿದೆ. ನಾನು ಬರಲಿಲ್ಲ. ‘ಥ್ಯಾಂಕ್ ಯು ಒನ್ ಆ್ಯಂಡ್ ಆಲ್’, ಆಮೇಲೆ ಚಪ್ಪಾಳೆ. ಆ ಚಪ್ಪಾಳೆ ನನಗೆ ಗೊತ್ತು ಭಾವ. ಅದರ ನಡುವೆ ಒಬ್ಬರು ಕೆಮ್ಮುತ್ತಾರೆ. ಅದು ಅಪ್ಪ. ಅಪ್ಪನ ಕೆಮ್ಮು ಉಳಿದಿದೆ.

ಆಮೇಲೆ ನಿಮ್ಮ ಕಾಗದ ಓದಿದೆ. ನಿಮ್ಮ ಕಣ್ಣೆದುರಿಗೇ ಅಷ್ಟು ವರ್ಷ ಹಾಡಿದವಳ ದನಿ ನಿಮಗೆ ಗುರುತು ಹತ್ತಲಿಲ್ಲ. ಅದಕ್ಕೆ ಸಿಟ್ಟಿಲ್ಲ. ನೀವು ಯಾವತ್ತೂ ಹಾಡು ಕೇಳಿದವರಲ್ಲ, ಚಪ್ಪಾಳೆ ಎಣಿಸಿದವರು.

ಅಕ್ಕ ಕಾಲಲ್ಲಿ ಹೊಸಕಿದಳು ಅಂತ ಬರೆದಿರಿ. ಅಕ್ಕ ಕೆಟ್ಟವಳು. ನನ್ನ ಮದುವೆ ತಪ್ಪಿಸಿದಳು, ನನ್ನ ದನಿ ಬಗ್ಗಿಸಿದಳು. ಆದರೆ ಅವಳಿಗೆ ಕಿವಿ ಇತ್ತು. ಒಳ್ಳೆಯ ಹಾಡನ್ನು ಅವಳು ಹೊಸಕುವವಳಲ್ಲ, ಬಚ್ಚಿಡುವವಳು. ಕ್ಯಾಸೆಟ್ಟಿನ ಆ ಎರಡು ಹಲ್ಲನ್ನು ಮುರಿದವಳು ಅವಳೇ. ಯಾರೂ ಅಳಿಸದಿರಲಿ ಅಂತ ನನಗಾಗಿ ಅವಳು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ. ಅದರ ಮೇಲೆ ನೀವು ಅಂಟುಪಟ್ಟಿ ಹಚ್ಚಿಸಿದಿರಿ.

ಹಕ್ಕುಬಿಡುಗಡೆಯ ಲಕೋಟೆಯನ್ನು ಇಸ್ತ್ರಿಯವನ ಕೆಂಡಕ್ಕೆ ಹಾಕಿದೆ. ದಪ್ಪ ಕಾಗದ, ಸ್ವಲ್ಪ ಹೊತ್ತು ಹಿಡಿಯಿತು.

ಹದಿನೈದಕ್ಕೆ ಆಪರೇಷನ್ ಆಯಿತು. ಅವರು ಹೇಳಿದ ಹಾಗೆಯೇ ಆಯಿತು.

ಈಗ ನನಗೆ ನಿಜವಾಗಿಯೂ ಅರ್ಧ ಮನೆ ಬೇಕು. ನಿಮ್ಮ ಜೋಕಿನದಲ್ಲ, ಅಪ್ಪ ಕಟ್ಟಿಸಿದ್ದು. ಯಾವ ಅರ್ಧ ಅಂತ ಕೇಳಿದ್ದಿರಿ. ಮುಂದಿನ ಅರ್ಧ. ನಡುಕೋಣೆ, ಅಕ್ಕನ ಹಾಡಿನ ಕೋಣೆ, ಬೀದಿ ಬಾಗಿಲು. ಇಷ್ಟು ವರ್ಷ ನಾನು ಹಿಂದೆ ಕೂತಾಯಿತು, ಇನ್ನು ಹಿಂದೆ ನೀವು ಕೂರಿ. ನಲ್ಲಿ ನಿಮ್ಮ ಕಡೆಯೇ ಇರಲಿ, ಬಕೆಟ್ ತುಂಬಿಸಿ ಗೋಡೆಯ ಮೇಲಿಂದ ಕೊಡಿ. ‘ಭಾವ, ನೀರು’ ಅಂತ ನಾನು ಕೂಗಲಾರೆ, ಆದ್ದರಿಂದ ಹೊತ್ತಿಗೆ ಸರಿಯಾಗಿ ನೀವೇ ನೆನಪಿಟ್ಟುಕೊಳ್ಳಬೇಕು. ಇಲ್ಲಿಯ ವಕೀಲರು ಮನೆಯ ಕಾಗದಪತ್ರ ನೋಡಿದ್ದಾರೆ. ತಕರಾರೇ ಇಲ್ಲ ಅಂದರು.

ಟೇಪನ್ನು ತರುತ್ತಿದ್ದೇನೆ. ಬೆಳಗಿನ ಜಾವ, ಅಕ್ಕ ತಂಬೂರಿ ಮೀಟುತ್ತಿದ್ದ ಹೊತ್ತಿಗೆ, ದಿನಾ ಹಾಕುತ್ತೇನೆ. ಎರಡೂ ಕಡೆ, ಕೊನೆಯ ಚಪ್ಪಾಳೆಯವರೆಗೂ. ನಡುಗೋಡೆಯನ್ನು ತೆಳ್ಳಗೆ ಕಟ್ಟಿಸುತ್ತೇನೆ, ನಿಮ್ಮ ಇಂಗ್ಲಿಷ್ ನಿಮಗೆ ಸ್ಪಷ್ಟವಾಗಿ ಕೇಳಬೇಕು. ನಿಲ್ಲಿಸು ಅಂತ ನೀವು ಎಷ್ಟು ಬೇಕಾದರೂ ಕೂಗಬಹುದು. ನನ್ನಿಂದ ಎದುರುತ್ತರ ಬರುವುದಿಲ್ಲ.

ಶನಿವಾರದ ರೈಲಿಗೆ ಬರುತ್ತೇನೆ. ಬೀದಿ ಬಾಗಿಲ ಚಿಲಕ ತೆಗೆದಿಟ್ಟಿರಿ.

ಚಿಕ್ಕೋಳು